ಶಿವನಸಮುದ್ರಕ್ಕೂ ಮೊದಲು

"ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು?" ಅಂತ ಸ್ಕೂಲಿನ ಕ್ವಿಜ್‌ನಲ್ಲಿ ಕೇಳಿದಾಗ "ಶಿವನಸಮುದ್ರ!" ಅಂತ ಕೂಗಿ ಪೆನ್ನು ಗೆದ್ದವನು ನಾನು. ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಅದೇ ಜಂಭ ಕೊಚ್ಚಿದೆ. ತೋಟದ ಮೇಲಿನ ಹಳ್ಳದಲ್ಲಿ, ತಮ್ಮ ಪುಟ್ಟ ಟರ್ಬೈನಿನ ಪೈಪಿಗೆ ಸಿಕ್ಕಿದ್ದ ತರಗೆಲೆ ತೆಗೆಯುತ್ತಾ ಅವರು, "ಸಮಾ ನೋಡ್ಕಂಡು ಹೇಳೋ ಮಾರಾಯ" ಅಂದರು.

ನೋಡಿದೆ. ಪೆನ್ನು ವಾಪಸ್ ಕೊಡಬೇಕು!

ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದ ಕಾಲುವೆ ನೀರಿನಿಂದ 1891ರಲ್ಲೇ ಕರೆಂಟು ತೆಗೆದಿದ್ದರು. 1895ರಲ್ಲಿ ಅದರಿಂದ ಟ್ರಾಮನ್ನೂ ಓಡಿಸಿದರು. ಏಷ್ಯಾ ಹೋಗಲಿ, ಭಾರತದಲ್ಲೂ ನಾವು ಮೊದಲಿಗರಲ್ಲ. ಡಾರ್ಜಿಲಿಂಗ್ ಪೇಟೆಯ ಕೆಳಗೆ, ಚಹಾ ತೋಟದ ಬುಡದಲ್ಲಿರುವ ಸಿದ್ರಾಪಾಂಗ್ ಕೇಂದ್ರ ಶುರುವಾಗಿದ್ದು 1897ರ ನವೆಂಬರ್ 10ರಂದು. ತಲಾ 65 ಕಿಲೋವ್ಯಾಟಿನ ಎರಡು ಯಂತ್ರ, ಒಟ್ಟು 130. ಈಗ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರೇ ಇದಕ್ಕಿಂತ ಜೋರು. ಮಹಾನದಿಯೂ ಇಲ್ಲ, ದೊಡ್ಡ ಅಣೆಕಟ್ಟೂ ಇಲ್ಲ. ಅಲ್ಲಿಯವರು ಝೋರಾ ಅನ್ನುವ ಗುಡ್ಡದ ಹಳ್ಳಗಳ ನೀರನ್ನು ತಿರುಗಿಸಿ ಪೈಪಿನಲ್ಲಿ ಇಳಿಸಿದ್ದು, ಅಷ್ಟೇ. ಬೆಟ್ಟದ ಮೇಲಿನ ಪೇಟೆಯ ಬೀದಿದೀಪ ಉರಿಯಿತು.

ಹಾಗಂತ ಶಿವನಸಮುದ್ರದ ಹೆಮ್ಮೆ ಕಮ್ಮಿಯಾಗಲ್ಲ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದಿದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಬೆಂಗಳೂರಿಗೆ ದೀಪ ಬಂದಿದ್ದೇ ಆಮೇಲೆ, 1905ರಲ್ಲಿ. ಆದರೆ ಕರೆಂಟು ಅಂದರೆ ಎಲ್ಲೋ ದೂರದಿಂದ ತಂತಿಯಲ್ಲಿ ಬರುವಂಥದ್ದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದ್ದು ಆಗಿನಿಂದಲೇ ಅಂತ ನನ್ನ ಗುಮಾನಿ.

ಇಂಜಿನಿಯರಿಂಗ್ ಓದಿದ ತಪ್ಪಿಗೆ ಹಳ್ಳದ ಲೆಕ್ಕವನ್ನೂ ಹಾಕಿದೆ. 20 ಮೀಟರ್ ಇಳಿಜಾರು, ಸೆಕೆಂಡಿಗೆ 10 ಲೀಟರ್ ನೀರು. 9.81ರಿಂದ ಗುಣಿಸಿದರೆ 1,962 ವ್ಯಾಟ್. ಪೈಪು, ಟರ್ಬೈನು, ಜನರೇಟರು ಸೇರಿ ಅರ್ಧ ತಿಂದರೂ ಒಂದು ಕಿಲೋವ್ಯಾಟ್ ಉಳಿಯುತ್ತೆ. ಬಲ್ಬು, ಟೀವಿ, ಮಿಕ್ಸಿಗೆ ಧಾರಾಳ. ಫೆಬ್ರವರಿ ಹೊತ್ತಿಗೆ ಹಳ್ಳ ಬತ್ತುತ್ತೆ, ಅದು ಬೇರೆ ಮಾತು.

ಊರಿಗೆ ಲೈನು ಬಂದ ಮೇಲೆ ಅಕ್ಕಪಕ್ಕದವರು ಟರ್ಬೈನನ್ನು ಗುಜರಿಗೆ ಹಾಕಿದರು. ಚಿಕ್ಕಪ್ಪ ಹಾಕಲಿಲ್ಲ. ಹೋದ ಆಷಾಢದಲ್ಲಿ ಮರ ಬಿದ್ದು ಒಂಬತ್ತು ದಿನ ಲೈನಿಲ್ಲದಾಗ ಕೇರಿಯ ಮೊಬೈಲುಗಳೆಲ್ಲ ಅವರ ಜಗುಲಿಯಲ್ಲೇ ಚಾರ್ಜಾದವಂತೆ.

ಅವರಿಗೀಗ ಅರವತ್ತೆಂಟು. ಮಗ ಪುಣೆಯಲ್ಲಿದ್ದಾನೆ. "ನನ್ ಕೈಲಾಗದೇ ಹೋದ್ರೆ ಈ ಎಲೆ ತೆಗೆಯೋರು ಯಾರೋ?" ಅಂತ ಕೇಳಿದರು. ಬೆಳಿಗ್ಗೆ ಆಫೀಸಿತ್ತು. ರಾತ್ರಿ ಬಸ್ಸಿಗೆ ಹೊರಟೆ.