ದೇವರಾಜ ಮಾರುಕಟ್ಟೆ: ಕೆಡವಬೇಕಾ, ಉಳಿಸಬೇಕಾ?

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ ಮಹಾನಗರ ಪಾಲಿಕೆಯ ಆಸ್ತಿ. ಅರಸರ ಕಾಲದ ಈ ಪಾರಂಪರಿಕ ಕಟ್ಟಡ ಮೂರು ಎಕರೆಗೂ ಹೆಚ್ಚು ಜಾಗದಲ್ಲಿದೆ. ಶ್ರೀರಂಗಪಟ್ಟಣ, ಪಾಂಡವಪುರದಿಂದ ಬಸ್ಸು ಹತ್ತಿ ಬರೋರಿಗೂ ಹೂವು, ವೀಳ್ಯದೆಲೆ, ಬಾಳೆಹಣ್ಣು ಅಂದ್ರೆ ಇದೇ ಮಾರ್ಕೆಟ್ಟು.

ಕುಸಿತ: 2012ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು, ನವೀಕರಣ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರ ಭಾಗ ಬಿತ್ತು.

ವಿವಾದ: ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕು ಅನ್ನೋದು ಪಾಲಿಕೆಯ ವಾದ. ದುರಸ್ತಿ ಮಾಡಿ ಉಳಿಸಬಹುದು ಅಂತಾರೆ ಇಂಟ್ಯಾಕ್ ಮತ್ತು ಪರಂಪರೆ ತಜ್ಞರು. 2023ರಲ್ಲಿ ಹೈಕೋರ್ಟ್ ತೀರ್ಪು ಪಾಲಿಕೆಯ ಪರ ಬಂತು.

ಅಸಲಿ ಪ್ರಶ್ನೆ: ಸುಣ್ಣ-ಗಾರೆಯ ಚರ್ಚೆಯಲ್ಲಿ ವ್ಯಾಪಾರಿಗಳು ಮರೆಯಾಗ್ತಾರೆ. ಕಾಮಗಾರಿ ಮುಗಿಯುವವರೆಗೆ ಅವರು ಕೂರೋದೆಲ್ಲಿ? ಹೊಸ ಕಟ್ಟಡದಲ್ಲಿ ಅವರಿಗೇ ಮಳಿಗೆ ಸಿಗುತ್ತಾ, ಬಾಡಿಗೆ ಎಷ್ಟು? ಬೆಂಗಳೂರಿನ ಮ್ಯಾಗ್ರಾತ್ ರಸ್ತೆಯಲ್ಲಿ ಪಾಲಿಕೆ ಜಾಗ, ಖಾಸಗಿ ಬಂಡವಾಳ ಸೇರಿ ಎದ್ದಿದ್ದು ಗರುಡಾ ಮಾಲ್. ಅಂಥ ಕಡೆ ಮೊಳ ಲೆಕ್ಕದಲ್ಲಿ ಮಲ್ಲಿಗೆ ಮಾರೋರಿಗೆ ಜಾಗ ಇರಲ್ಲ. ಆದ್ದರಿಂದ ಕೆಡವಲಿ, ಉಳಿಸಲಿ, ಮೊದಲು ಬೇಕಿರೋದು ವ್ಯಾಪಾರಿಗಳ ಹಕ್ಕಿಗೆ ಲಿಖಿತ ಖಾತರಿ.