ಯಮುನೆಯ ಹೆಬ್ಬಾತು ಬೇಟೆ: ಆಕರಗಳ ಕುರಿತು ಒಂದು ವಿಚಾರ

ಹಂಸವೆಂಬ ಶಬ್ದವೂ ಅದರ ತದ್ಭವವಾದ 'ಅಂಚೆ'ಯೂ ಕನ್ನಡ ಕಾವ್ಯಾಭ್ಯಾಸಿಗಳಿಗೆ ಚಿರಪರಿಚಿತ. ಕವಿಸಮಯವನ್ನು ಬದಿಗಿರಿಸಿ ಆ ಹಕ್ಕಿ ಯಾವುದೆಂದು ಕೇಳಿದರೆ, ಭಾರತೀಯ ಸಾಹಿತ್ಯ ಮತ್ತು ಶಿಲ್ಪಗಳ ಹಂಸವು ಹೆಬ್ಬಾತೇ ಎಂದು ಡಚ್ ವಿದ್ವಾಂಸ ಜೆ. ಪಿ. ಫೋಗೆಲ್, 1962ರಲ್ಲಿ ಲೈಡನ್ನಿನಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಕಾವ್ಯದ ಹಂಸ ಹಾಲು ನೀರನ್ನು ಬೇರ್ಪಡಿಸಿತು. ನದಿಯ ಹೆಬ್ಬಾತನ್ನು ಜನ ಹಿಡಿದರು, ಬೇಯಿಸಿದರು, ಉಂಡರು. ಈ ಎರಡನೆಯ ಹಕ್ಕಿಯ ಚರಿತ್ರೆಯಲ್ಲಿ ಆಕರಗಳು ಯಾರನ್ನು ಉಳಿಸಿವೆ, ಯಾರನ್ನು ಕೈಬಿಟ್ಟಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಭಾರತದ ನದಿಗಳಿಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳಲ್ಲಿ ಪಟ್ಟೆತಲೆಯದು ಮತ್ತು ಬೂದುಬಣ್ಣದ್ದು ಮುಖ್ಯವಾದುವು. ಟಿಬೆಟ್ ಮತ್ತು ಮಧ್ಯ ಏಷ್ಯಾದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟಿ ಇತ್ತ ಬಂದು, ವಸಂತದಲ್ಲಿ ಮರಳುತ್ತದೆ. ಇರುಳು ಗೋಧಿ, ಕಡಲೆಗಳ ಹೊಲಗಳಲ್ಲಿ ಮೇಯುವುದು, ಹಗಲು ನದಿಯ ಮರಳದಿಣ್ಣೆಗಳ ಮೇಲೆ ವಿಶ್ರಮಿಸುವುದು ಇದರ ಕ್ರಮ. ಬೇಟೆಯ ವಿಧಾನವನ್ನು ಈ ದಿನಚರಿಯೇ ನಿರ್ಧರಿಸಿತು. ಮುಂಜಾನೆ ಮತ್ತು ಮುಸ್ಸಂಜೆ, ಹೊಲಕ್ಕೂ ಹೊಳೆಗೂ ನಡುವಣ ಹಾರಾಟದ ದಾರಿಯಲ್ಲಿ ಹೊಂಚುವುದು ಒಂದು ಬಗೆ. ಹಗಲಿನಲ್ಲಿ ದೋಣಿಯನ್ನು ಪ್ರವಾಹದೊಡನೆ ಸದ್ದಿಲ್ಲದೆ ತೇಲಿಬಿಟ್ಟು ದಿಣ್ಣೆಯನ್ನು ಸಮೀಪಿಸುವುದು ಮತ್ತೊಂದು. ಹಿಂಡಿನಲ್ಲಿ ಕೆಲವು ಹಕ್ಕಿಗಳು ಸದಾ ಕತ್ತೆತ್ತಿ ಕಾವಲಿರುವುದರಿಂದ, ಎರಡನೆಯ ವಿಧಾನದ ಯಶಸ್ಸು ಬಂದೂಕಿಗಿಂತ ಹೆಚ್ಚಾಗಿ ಅಂಬಿಗನನ್ನು ಅವಲಂಬಿಸಿತ್ತು.

ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ 'ಐನ್-ಇ-ಅಕ್ಬರಿ'ಯು ನೀರುಹಕ್ಕಿಗಳನ್ನು ಹಿಡಿಯುವ ವಿಲಕ್ಷಣ ಕ್ರಮವೊಂದನ್ನು ದಾಖಲಿಸುತ್ತದೆ. ರೆಕ್ಕೆ, ಕೊಕ್ಕು, ಬಾಲಗಳಿರುವ ಹಕ್ಕಿಯ ಚರ್ಮದಿಂದ ಟೊಳ್ಳಾದ ಕೃತಕ ಹಕ್ಕಿಯನ್ನು ಮಾಡಿ, ನೋಡಲು ಎರಡು ರಂಧ್ರಗಳನ್ನು ಬಿಟ್ಟು, ಬೇಟೆಗಾರನು ಅದರೊಳಗೆ ತಲೆಯಿಟ್ಟು ಕುತ್ತಿಗೆಯವರೆಗೆ ನೀರಿನಲ್ಲಿ ನಿಲ್ಲುತ್ತಾನೆ. ಮೆಲ್ಲನೆ ಸಮೀಪಿಸಿ ಒಂದೊಂದೇ ಹಕ್ಕಿಯನ್ನು ನೀರಿನೊಳಕ್ಕೆ ಎಳೆಯುತ್ತಾನೆ. ಅದೇ ಗ್ರಂಥವು ಅರಮನೆಯ ಅಡುಗೆಯನ್ನು ಮಾಂಸರಹಿತ, ಮಾಂಸ ಮತ್ತು ಅಕ್ಕಿ, ಮಾಂಸ ಮತ್ತು ಮಸಾಲೆ ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಪದಾರ್ಥಗಳ ತೂಕವನ್ನೂ ಕೊಡುತ್ತದೆ. ತೂಕ ಉಳಿಯಿತು, ನೀರಿನಲ್ಲಿ ನಿಂತವನ ಹೆಸರು ಉಳಿಯಲಿಲ್ಲ.

ಇದಕ್ಕೂ ಸುಮಾರು ನಾಲ್ಕೂವರೆ ಶತಮಾನ ಮೊದಲು, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಇದೇ ಬಗೆಯ ಜೋಡಣೆ ಕಾಣುತ್ತದೆ. ಅದರ 'ಅನ್ನಭೋಗ'ವು ಮಾಂಸವನ್ನು ಶಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ 'ಭಡಿತ್ರಕ' ಮೊದಲಾದ ಪಾಕಗಳನ್ನು ವಿವರಿಸಿದರೆ, 'ಶ್ಯೇನವಿನೋದ'ವು ಡೇಗೆಯಿಂದ ಹಕ್ಕಿಗಳನ್ನು ಬೇಟೆಯಾಡುವುದನ್ನು ಹೇಳುತ್ತದೆ. ಅಲ್ಲಿಯೂ ವಿನೋದ ಅರಸನದು, ಭೋಗವೂ ಅರಸನದೇ.

ವಸಾಹತುಕಾಲದ ಮುಖ್ಯ ಆಕರ, ಅಲನ್ ಆಕ್ಟೇವಿಯನ್ ಹ್ಯೂಮ್ ಮತ್ತು ಸಿ. ಎಚ್. ಟಿ. ಮಾರ್ಷಲ್ 1879ರಿಂದ 1881ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಬೇಟೆಹಕ್ಕಿಗಳ ಗ್ರಂಥ. ಹ್ಯೂಮ್ 1849ರಿಂದ ಬಹುಕಾಲ ಯಮುನೆ ಮತ್ತು ಚಂಬಲ್ ಹರಿಯುವ ಇಟಾವಾ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದವರು. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದವರೂ ಅವರೇ. ಅದೇ ವರ್ಷ ತಮ್ಮ 80,000ಕ್ಕೂ ಮಿಗಿಲಾದ ಹಕ್ಕಿಚರ್ಮ, ಮೊಟ್ಟೆ ಮೊದಲಾದ ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು; ಮುಂದೆ ಸಸ್ಯಾಹಾರಿಯಾಗಿ ಬೇಟೆಯನ್ನೇ ವಿರೋಧಿಸಿದರು. ಬೇಟೆಯ ಲೆಕ್ಕವೇ ಪಕ್ಷಿಶಾಸ್ತ್ರದ ಆಕರವಾದುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆದರೆ ಲೆಕ್ಕ ಲೆಕ್ಕವಾಗಿಯೇ ಉಳಿದ ಉದಾಹರಣೆಯೂ ಉಂಟು. ಇದು ನದಿಯದಲ್ಲ, ಭರತಪುರದ ಕೇವಲಾದೇವ ಜೌಗಿನದು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಪಾಲ್ಗೊಂಡ ಬೇಟೆಯಲ್ಲಿ 4,273 ಹಕ್ಕಿಗಳು ಬಿದ್ದವೆಂದು ಅಲ್ಲಿನ ಶಿಲಾಫಲಕ ಸಾರುತ್ತದೆ. ಕನ್ನಡ ಶಾಸನಾಭ್ಯಾಸಿಗೆ ಇದರೆದುರು ನೆನಪಾಗುವುದು ಕ್ರಿ.ಶ. 949-50ರ ಆತಕೂರು ಕಲ್ಲು. ಹಂದಿಯೊಡನೆ ಹೋರಾಡಿ ಮಡಿದ ನಾಯಿಗೆ ಅಲ್ಲಿ 'ಕಾಳಿ' ಎಂಬ ಹೆಸರಿದೆ, ಚಿತ್ರವಿದೆ, ದತ್ತಿಯಿದೆ. ಒಂದು ಕಲ್ಲು ಬೇಟೆನಾಯಿಯನ್ನು ಹೆಸರಿಸಿತು. ಮತ್ತೊಂದು, ಸತ್ತ ಹಕ್ಕಿಗಳನ್ನು ಎಣಿಸಿ, ನೀರಿಗಿಳಿದು ಅವನ್ನು ಆರಿಸಿ ತಂದವರನ್ನು ಮರೆಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಇದ್ದ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಇದು ಯುಕ್ತವೇ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಂದಿಗೂ ಬರುತ್ತಿರುವುದು, 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಬೇಟೆ ನಿಂತುದಕ್ಕೆ ವಿಷಾದಿಸಬೇಕಾಗಿಲ್ಲ. ಆದರೆ ಯಾವ ಗಾಳಿಗೆ ಹಿಂಡು ಏಳುತ್ತದೆ, ಮೀನುನಾತದ ಹಕ್ಕಿಯ ಚರ್ಮ ಸುಲಿದು ಹೇಗೆ ಬೇಯಿಸಬೇಕು, ಮುದಿ ಹೆಬ್ಬಾತಿಗೆ ಎಷ್ಟು ಹೊತ್ತು ಉರಿ ಬೇಕು ಎಂಬ ತಿಳಿವು ಗ್ರಂಥಕರ್ತರಿಗಿಂತ ಮೊದಲು ಅಂಬಿಗರದು, ಅಡುಗೆಯವರದು. ಆ ತಿಳಿವಿನ ಶಬ್ದಗಳು ಹೊರನಾಡಿನ ಕನ್ನಡ ಸಂಶೋಧಕರ ಸಮೀಪದಲ್ಲೇ, ಯಮುನೆ, ಮುಸಿ, ಮುಠಾ ನದಿಗಳ ದಡದ ಹಿರಿಯರ ನೆನಪಿನಲ್ಲಿ ಇನ್ನೂ ದೊರಕಬಹುದು. ಅರಮನೆಯ ಗ್ರಂಥಗಳು ಕಪಾಟಿನಲ್ಲಿ ಕಾಯುತ್ತವೆ. ಆ ಹಿರಿಯರು ಕಾಯಲಾರರು. ಕ್ಷೇತ್ರಕಾರ್ಯ ಮೊದಲಾಗಬೇಕಾದುದು ಅಲ್ಲಿಂದ.