ಪಳಗಿದ ಕೈ, ಬಲ್ಲ ಕೈ

ಸೋಮನಾಥಪುರದ ಕೇಶವ ದೇವಾಲಯಕ್ಕೆ ಪ್ರದಕ್ಷಿಣೆ ಬರುವಾಗ ನನ್ನ ಕಣ್ಣು ಮೂರ್ತಿಗಳಿಗಿಂತ ಮೊದಲು ಅವುಗಳ ಪೀಠದ ಮೇಲೆ ಬೀಳುತ್ತದೆ. ಅಲ್ಲಿ ಶಿಲ್ಪಿಗಳ ಹೆಸರುಗಳಿವೆ. ಮಸಣಿತಮ್ಮನಿದ್ದಾನೆ, ಚೌಡೆಯನಿದ್ದಾನೆ; ಎಲ್ಲರಿಗಿಂತ ಹೆಚ್ಚಾಗಿ, ಸುಮಾರು 40 ಕಡೆಗಳಲ್ಲಿ, ಮಲ್ಲಿತಮ್ಮನಿದ್ದಾನೆ. ಕೆಲವೆಡೆ ಬರಿಯ ‘ಮಲ್ಲಿ’; ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ.

ಈ ಹೆಸರು 1196ರ ಅಮೃತಾಪುರದ ಗುಡಿಯಲ್ಲಿಯೂ ಇದೆ. 1246ರ ನುಗ್ಗೇಹಳ್ಳಿಯಲ್ಲಿಯೂ ಇದೆ. ಸೋಮನಾಥಪುರದ ಗುಡಿ ಅದಕ್ಕೂ ಈಚಿನದು. ಎಲ್ಲವೂ ಒಬ್ಬನದೇ ಎಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಆತ ಉಳಿ ಹಿಡಿದದ್ದು ಅರುವತ್ತು ವರ್ಷವಾದರೂ ಆಯಿತು. ಅಷ್ಟು ಕಾಲ ದುಡಿದವನು ಪ್ರವೀಣನೇ ಸರಿ ಎಂದುಬಿಡುವುದು ಸುಲಭ. ಆದರೆ ವರ್ಷಗಳ ಎಣಿಕೆಯಿಂದ ಕೈ ಪಳಗಿದ್ದು ತಿಳಿದೀತೇ ಹೊರತು ಪ್ರಭುತ್ವ ತಿಳಿಯದು. ಹೆಸರಿನಿಂದಲೂ ತಿಳಿಯದು, ಆ ‘ಮ’ಕಾರ ಕೂಲಿಯ ಲೆಕ್ಕಕ್ಕೆ ಹಾಕಿದ ಗುರುತೇ ಆಗಿದ್ದರೂ ಆಗಿರಬಹುದು. ನುಗ್ಗೇಹಳ್ಳಿಯಲ್ಲಿ ಇವನೊಡನೆ ದುಡಿದ ನಂದಿಯ ಬೈಚೋಜ ತನ್ನ ಹೆಸರಿಗೆ ಬಿರುದುಗಳನ್ನು ಸೇರಿಸಿಕೊಂಡಿದ್ದಾನೆ. ಅದರಿಂದ ಅವನು ಹೆಚ್ಚಿನವನೂ ಅಲ್ಲ, ಕಡಿಮೆಯವನೂ ಅಲ್ಲ.

ಸಾಕ್ಷಿ ಹೇಳಬೇಕಾದುದು ಕಲ್ಲೇ. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ನೋಡಿ. ಶಂಖ, ಚಕ್ರ, ಗದೆ, ಪದ್ಮ ಇವು ನಾಲ್ಕು ಕೈಗಳಲ್ಲಿ ಯಾವ ಕ್ರಮದಲ್ಲಿವೆ ಎಂಬುದರ ಮೇಲೆ ಅವನು ಕೇಶವನೋ, ನಾರಾಯಣನೋ, ಮಾಧವನೋ ಆಗುತ್ತಾನೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಿಗೆ ಇಪ್ಪತ್ನಾಲ್ಕೇ ಬಗೆಯಲ್ಲಿ ಕೊಡಬಹುದು; ಶಾಸ್ತ್ರ ಒಂದನ್ನೂ ಬಿಟ್ಟಿಲ್ಲ. ಇದನ್ನು ಕಲಿಯುವ ಹುಡುಗನೂ ಬಾಯಿಪಾಠ ಮಾಡಬಲ್ಲ, ನೂರು ಸಲ ಕಡೆದು ಕೈಗೆ ತಂದುಕೊಳ್ಳಬಲ್ಲ. ಅದು ಅಭ್ಯಾಸ.

ಶಾಸ್ತ್ರ ಹೇಳಿ ಮುಗಿಸಿದ ಮೇಲೆ ಉಳಿಯುವುದೆಷ್ಟು? ಹಾರದ ಎಳೆಯನ್ನು ಎಷ್ಟು ಆಳಕ್ಕೆ ಕೊರೆಯಬೇಕು, ಮುಖದ ಮೇಲೆ ಉಳಿ ಎಲ್ಲಿ ನಿಲ್ಲಬೇಕು ಎಂಬಷ್ಟೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದು ಕೈ ಹೇಳಿದಂತೆ ಕೇಳುತ್ತದೆ. ಅದರಲ್ಲೇ ಅಪಾಯವೂ ಇದೆ. ಕೆತ್ತಿ ತೆಗೆದುದನ್ನು ಮರಳಿ ಅಂಟಿಸುವಂತಿಲ್ಲ. ಪಳಗಿದ ಕೈ ಅಭ್ಯಾಸಬಲದಿಂದ ಮುಂದೆ ಸಾಗುತ್ತದೆ. ಬಲ್ಲ ಕೈ ನಲವತ್ತನೆಯ ಮೂರ್ತಿಯಲ್ಲಿಯೂ ತಡೆದು ಒಮ್ಮೆ ಯೋಚಿಸುತ್ತದೆ.

ಬಹುಕಾಲದಿಂದ ಬರೆಯುತ್ತ ನನ್ನ ಕೈಯೂ ಪಳಗಿದೆ. ವಾಕ್ಯಗಳು ಈಗ ತಾವಾಗಿಯೇ ಬರುತ್ತವೆ. ಮೊದಲು ಇದು ನನಗೆ ಹೆಮ್ಮೆಯಾಗಿತ್ತು. ಆ ‘ಮ’ಕಾರದ ಮುಂದೆ ನಿಂತಾಗ ಅಂಜಿಕೆಯಾಗುತ್ತದೆ.